ಆರು ಜಾಡಿ ಹೊಳೆ ನೀರು

ಮಗಳು ಅಪ್ಪನ ಶವದ ಮೇಲಿನ ಹಾರವನ್ನು ಸರಿಪಡಿಸುತ್ತಿದ್ದಾಗ ನೀರಿನ ಕಾರ್ಖಾನೆಯ ವಾಲ್ವಿನವನು ಏದುಸಿರು ಬಿಡುತ್ತಾ ಅಂಗಳಕ್ಕೆ ನುಗ್ಗಿದ. ಕೈಯಲ್ಲೊಂದು ಬಾಟಲಿ. ಒಳಗಿದ್ದದ್ದು ನೀರೋ ಚಹಾವೋ ಹೇಳುವಂತಿರಲಿಲ್ಲ.

"ಅಕ್ಕಾ, ಮೇಲೆಲ್ಲೋ ಭಾರಿ ಮಳೆ. ಹೊಳೆ ಪೂರಾ ಕೆಂಪು! ಸಾಹೇಬ್ರು ಪಟಿಕ ಡಬಲ್ ಹಾಕಿಬಿಡಿ ಅಂತಿದ್ದಾರೆ."

"ಡಬಲ್ಲಾ? ಜಾಡೀಲಿ ಪರೀಕ್ಷೆ ಮಾಡದೇನಾ?"

"ಕಲಕೋ ಮಷೀನು ಮೊನ್ನೆಯಿಂದ ಕೆಟ್ಟು ಕೂತಿದೆಯಲ್ಲ. ತೊಟ್ಟೀಲಿರೋ ಹಳೇ ನೀರು ಇನ್ನು ಒಂದೂವರೆ ಗಂಟೆ ಬರತ್ತೆ, ಅಷ್ಟೇ. ಆಮೇಲೆ ಊರಿಗೆ ಏನು ಕುಡಿಸೋದು?"

ಮಗಳು ಎದ್ದೇಬಿಟ್ಟಳು. ಅಪ್ಪ ನಿವೃತ್ತನಾದಂದಿನಿಂದ ನೀರಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವನ ಕುರ್ಚಿ ಅವಳದು. ಸೋದರತ್ತೆ ಸೆರಗು ಹಿಡಿದೆಳೆದಳು.

"ತಲೆ ಕೆಟ್ಟಿದೆಯೇನೇ? ಹೊರಗೆ ಗಾಡಿ ಬಂದು ನಿಂತಿದೆ. ಅಪ್ಪನ್ನ ಕಳಿಸೋದು ಬಿಟ್ಟು ಎಲ್ಲಿಗೆ ಹೊರಟೆ?"

ಅಮ್ಮ ಗೋಡೆಗೊರಗಿದಲ್ಲಿಂದಲೇ ಹೇಳಿದಳು: "ಅವಳು ಯಾಕೆ ಹೋಗಬೇಕು? ಜಾಡಿಗಳನ್ನ ಇಲ್ಲಿಗೇ ತರಿಸಿ. ಕಲಕೋಕೆ ಆರು ಕೈ ಬೇಕು ತಾನೆ? ಇಲ್ಲಿ ಅರವತ್ತಿವೆ."

*

ಕೆಲಸಕ್ಕೆ ಸೇರಿದ ಮೊದಲ ವರ್ಷ ಅಪ್ಪನೂ ಹೀಗೇ ಒಂದು ಕೆಂಪು ಹೊಳೆಗೆ ಹೆದರಿ ಡಬಲ್ ಸುರಿದಿದ್ದ. ಪಟಿಕ ಹೆಚ್ಚಾದರೆ ಕೂಡಿಕೊಳ್ಳಬೇಕಾದ ಕೆಸರು ಮತ್ತೆ ದೂರ ದೂರ ಸರಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಊರು ಎರಡು ದಿನ ಒಗರು ಒಗರಾದ ಕಲಕು ನೀರು ಕುಡಿಯಿತು. ಮೂರನೆಯ ದಿನ ಅವನು ಬೀದಿ ನಲ್ಲಿಗಳ ಹತ್ತಿರ ಹೋಗಿ ನಿಂತು, ಕೊಡ ಹಿಡಿದು ಬಂದ ಒಬ್ಬೊಬ್ಬರಿಗೂ "ತಪ್ಪು ನನ್ನದು" ಎಂದಿದ್ದನಂತೆ. ಆಮೇಲೆ ಒಂದು ದಿನವೂ ಜಾಡಿಗಳನ್ನು ಕೇಳದೆ ನದಿಗೆ ಉತ್ತರ ಕೊಟ್ಟವನಲ್ಲ.

*

ಶವದ ಪಕ್ಕದ ಜಗಲಿಯ ಮೇಲೆ ಹೊಳೆ ನೀರು ತುಂಬಿದ ಆರು ಜಾಡಿ ಸಾಲಾದವು. ಮಗಳು ಒಂದೊಂದಕ್ಕೂ ಅಳೆದು ಪಟಿಕದ ನೀರು ಬಿಟ್ಟಳು: ಲೀಟರಿಗೆ ಇಪ್ಪತ್ತು ಮಿಲಿಗ್ರಾಂ, ಮೂವತ್ತು, ನಲವತ್ತು, ಹಾಗೇ ಎಪ್ಪತ್ತರವರೆಗೆ. ಗಾಜಿನ ಕಡ್ಡಿ ಹಿಡಿದು ಆರು ಜನ ಕೂತರು.

"ಒಂದು ನಿಮಿಷ ಜೋರಾಗಿ! ಹಾಂ, ಈಗ ನಿಧಾನ... ಇನ್ನೂ ನಿಧಾನ."

ಶವದ ಗಾಡಿಯ ಡ್ರೈವರಿನ ಕೈ ಮಾತ್ರ ಗಿರಗಿರ ತಿರುಗುತ್ತಲೇ ಇತ್ತು.

"ಸ್ವಲ್ಪ ಬ್ರೇಕ್ ಹಾಕಪ್ಪಾ," ಎಂದ ವಾಲ್ವಿನವನು. "ನಿನ್ನ ಗಾಡೀಲಿ ಹೋಗೋರಿಗೆ ಎಂದಾದ್ರೂ ಅವಸರ ಇದ್ದದ್ದುಂಟಾ?"

ಅಳು ತುಂಬಿದ ಅಂಗಳದಲ್ಲಿ ಫಕ್ಕನೆ ನಗು ಎದ್ದಿತು. ಮುಖ ಗಂಟಿಕ್ಕಿಕೊಂಡೇ ಮೂರನೆಯ ಜಾಡಿ ಕಲಕುತ್ತಿದ್ದ ಸೋದರತ್ತೆ ಇದ್ದಕ್ಕಿದ್ದಂತೆ ಕೂಗಿದಳು:

"ಏ, ನೋಡ್ರೇ! ನನ್ನದ್ರಲ್ಲಿ ಹತ್ತಿ ಕಟ್ತಿದೆ! ಅಣ್ಣ ಹೇಳ್ತಿದ್ನಲ್ಲ, ಅದೇ ಹತ್ತಿ!"

ನಿಜ. ಕೆಸರು ಸಣ್ಣ ಸಣ್ಣ ಉಂಡೆಗಳಾಗಿ ಕೂಡಿ ತೇಲುತ್ತಿತ್ತು. ಜನ ಕತ್ತು ಚಾಚಿದರು.

"ಸಾಕು, ಕಡ್ಡಿ ತೆಗೀರಿ. ಇನ್ನು ಅರ್ಧ ಗಂಟೆ ಯಾರೂ ಓಡಾಡಬೇಡಿ. ಜಗಲಿ ಅದುರಿದ್ರೆ ಹತ್ತಿ ಒಡೆಯತ್ತೆ."

ಇಡೀ ಅಂಗಳ ಕಲ್ಲಿನಂತೆ ಕೂತಿತು. ದೂರದಿಂದ ಬಂದ ನೆಂಟರ ಹೆಂಗಸೊಬ್ಬಳು ಎದೆ ಬಡಿದುಕೊಳ್ಳುತ್ತಾ ಒಳಗೆ ಓಡಿಬರುವುದರಲ್ಲಿದ್ದಳು.

"ಶ್!" ಎಂದಳು ಸೋದರತ್ತೆ. "ಅಲ್ಲೇ ಕೂತ್ಕೊಳ್ಳೇ. ಅರ್ಧ ಗಂಟೆ ಬಿಟ್ಟು ಅಳು."

ಹೊತ್ತು ಮುಗಿಯುವಾಗ ಮೊದಲ ಎರಡು ಜಾಡಿ ಇನ್ನೂ ಕೆಂಪಗೇ ಇದ್ದವು. ದಿನದ ಮೂವತ್ತರ ಡಬಲ್ ಹಾಕಿದ ಐದನೆಯದು, ಅದರಾಚೆಯ ಆರನೆಯದು ಹಾಲು ಬೆರೆಸಿದಂತೆ ಮಸುಕು. ಮೂರು, ನಾಲ್ಕು ಎರಡೂ ತಿಳಿ. ಯಾವುದು? ಇಂಥ ಹೊತ್ತಲ್ಲಿ ಅಪ್ಪ ಕೈಗಡಿಯಾರ ಬಿಚ್ಚಿ ಜಾಡಿಯ ಹಿಂದೆ ಹಿಡಿದು ತಿಳಿ ಎಷ್ಟೆಂದು ನೋಡುತ್ತಿದ್ದ.

ಗಡಿಯಾರ ಇನ್ನೂ ಅವನ ಕೈಯಲ್ಲೇ ಇತ್ತು. ಅಮ್ಮ ಬಿಚ್ಚಗೊಟ್ಟಿರಲಿಲ್ಲ.

ಅವಳು ನಾಲ್ಕನೆಯ ಜಾಡಿಯನ್ನು ಮೆಲ್ಲಗೆ ಎತ್ತಿ ಆ ಮಣಿಕಟ್ಟಿನ ಮುಂದೆ ಹಿಡಿದಳು. ಅಂಕಿಗಳು ಕಂಡವು, ಅಷ್ಟೆ. ಮೂರನೆಯದನ್ನು ಹಿಡಿದಳು.

"ನಲವತ್ತು!" ಎಂದು ಕೂಗಿದಳು. "ಓಡೋ, ನಲವತ್ತು ಅಂತ ಹೇಳು!"

ವಾಲ್ವಿನವನು ಗೇಟು ಹಾರಿದ. ಅಮ್ಮ ಎದ್ದು ಬಂದು ಮಗಳ ಭುಜದ ಮೇಲಿಂದ ಬಾಗಿ ಜಾಡಿಯೊಳಗೆ ನೋಡಿದಳು. ತಿಳಿನೀರಿನಾಚೆ ಸೆಕೆಂಡಿನ ಮುಳ್ಳು ಕೂದಲೆಳೆಯಂಥ ಗೆರೆಗಳನ್ನು ಒಂದೊಂದಾಗಿ ದಾಟುತ್ತಿತ್ತು.