ಬೆಳ್ಳುಳ್ಳಿಯಿಲ್ಲದ ಮನೆಯ ಬೆಳ್ಳುಳ್ಳಿ ವಾಸನೆ

ನಮ್ಮಮ್ಮನ ಮೂಗಿನ ಮುಂದೆ ಪೊಲೀಸ್ ನಾಯಿಯೂ ಬಾಲ ಮುದುರಬೇಕು. ಬೆಳ್ಳುಳ್ಳಿ ಮುಟ್ಟಿದರೆ ಅವಳ ಮೈಯೆಲ್ಲ ದದ್ದು ಏಳುತ್ತದೆ. ಹಾಗಾಗಿ ನಮ್ಮ ಮನೆಗೆ ಅದರ ಒಂದು ಎಸಳೂ ಬಂದದ್ದಿಲ್ಲ. ಅಂಥದ್ದರಲ್ಲಿ ಅಪ್ಪನ ಬಾಯಿಂದ ಬೆಳ್ಳುಳ್ಳಿ ವಾಸನೆ ಹೊಡೆಯತೊಡಗಿತು.

“ಎದುರು ಮನೆ ಟೈಲರಮ್ಮ ಚೆನ್ನಾಗಿ ಬಡಿಸ್ತಾಳೇನೋ! ಹೇಳ್ಬಿಡಿ, ನಾನು ನಮ್ಮಕ್ಕನ ಮನೆಗೆ ಹೋಗಿ ಇದ್ಬಿಡ್ತೀನಿ,” ಎಂದಳು ಅಮ್ಮ.

“ದೇವ್ರಾಣೆ, ಎಲ್ಲೂ ತಿಂದಿಲ್ಲ ಕಣೇ!”

“ಬಾಯೇ ಸಾಕ್ಷಿ ಹೇಳ್ತಿದೆ, ಆಣೆ ಬೇರೆ ಕೇಡು!”

ಇಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಭಾನುವಾರ ಬರುತ್ತೇನೆಂದು ಅಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿಯೇಬಿಟ್ಟಳು. ಅಮ್ಮ ಹಿಡಿದ ಹಟ ಬಿಡುವವಳಲ್ಲ.

ನೇರವಾಗಿ ವಿಚಾರಿಸಿಯೇಬಿಡೋಣ ಎಂದು ಅಪ್ಪನ ವಾಚ್ ರಿಪೇರಿ ಅಂಗಡಿಗೆ ನುಗ್ಗಿದೆ. ಅಪ್ಪ ಒಂದು ವಾಚಿನ ಹಿಂಬದಿ ಮುಚ್ಚಳ ತೆಗೆಯಲಾಗದೆ ಪರದಾಡುತ್ತಿದ್ದ. ಉಗುರಿನಲ್ಲೇ ಟಪ್ಪೆಂದು ಎಬ್ಬಿಸುತ್ತಿದ್ದ ಮನುಷ್ಯ! ನೋಡಿದರೆ ಉಗುರುಗಳೆಲ್ಲ ಬಿಳಿ ಗೆರೆ ಎದ್ದು ಸೀಳಿವೆ. ಬಾಚಿದರೆ ಕೂದಲೂ ಕಿತ್ತು ಬರುತ್ತಿದೆ ಎಂದು ಮೆಲ್ಲಗೆ ಹೇಳಿದ.

ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನವಳು ನಾನು. ಉಗುರು, ಕೂದಲು, ಬೆಳ್ಳುಳ್ಳಿ ಉಸಿರು ಮೂರೂ ಕೂಡಿ ಬಂದರೆ ಮೈಯಲ್ಲಿ ಸೆಲೆನಿಯಂ ಹೆಚ್ಚಾಗಿರಬಹುದು. ಅದು ಮೈಗೆ ಬೇಕಾದ ಖನಿಜವೇ, ಆದರೆ ಕಣದಷ್ಟು ಸಾಕು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ಹಾಗೆ.

ಅಂದೇ ನಮ್ಮ ಬೋರ್‌ವೆಲ್ ನೀರನ್ನು ಪರೀಕ್ಷಿಸಿದೆ. ಸೆಲೆನಿಯಂ ಲೀಟರಿಗೆ ಒಂಬತ್ತು ಮೈಕ್ರೋಗ್ರಾಂ, ಮಿತಿ ಹತ್ತು. “ನಮ್ಮ ನೀರು ಸರಿಯಾಗಿದೆ!” ಎಂದು ಬೀಗುತ್ತ ಮನೆಗೆ ಬಂದೆ.

“ಹಾಗಾದ್ರೆ ಟೈಲರಮ್ಮನೇ,” ಎಂದಳು ಅಮ್ಮ. ಉರಿಯುವ ಬೆಂಕಿಗೆ ನಾನೇ ತುಪ್ಪ ಸುರಿದಂತಾಯಿತು.

ಅನುಮಾನ ಬಿಡದೆ ನಾನು ಮಾಡಿಸಿದ್ದ ಅಪ್ಪನ ರಕ್ತಪರೀಕ್ಷೆಯ ಫಲಿತಾಂಶ ಶನಿವಾರ ಬಂತು. ಸೆಲೆನಿಯಂ ಮಿತಿಮೀರಿತ್ತು. ಡಾಕ್ಟರಮ್ಮ ಅಪ್ಪ, ಅಮ್ಮ, ತಮ್ಮ, ನಾನು ನಾಲ್ವರನ್ನೂ ಕೂರಿಸಿಕೊಂಡು, “ಬಾಯಿ ವಾಸನೆನೂ ಇದರದ್ದೇ. ಇವ್ರಿಗೆ ಮನೇಲಿ ಏನೇನು ಕೊಡ್ತಿದೀರಿ?” ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾವು ಮೂವರೂ ತಡಬಡಿಸಿದೆವು.

“ಅಪ್ಪಂಗೆ ಸುಸ್ತು ಅಂತ ಶಕ್ತಿ ಮಾತ್ರೆ ತಂದ್ಕೊಟ್ಟೆ. ದಿನಕ್ಕೆ ಒಂದೇ,” ಎಂದ ತಮ್ಮ.

“ಕಿಡ್ನೀಲಿ ಕಲ್ಲಾಗ್ಬಾರ್ದು ಅಂತ ದಿನಾ ಮೂರು ಲೀಟರ್ ನೀರು ನಾನೇ ನಿಂತು ಕುಡಿಸ್ತೀನಿ,” ಎಂದಳು ಅಮ್ಮ.

“ಹೃದಯಕ್ಕೆ ಒಳ್ಳೇದು ಅಂತ ಬ್ರೆಜಿಲ್ ನಟ್, ದಿನಕ್ಕೆ ನಾಲ್ಕು,” ಎಂದೆ ನಾನು. ಆ ಬೀಜದಲ್ಲಿ ಸೆಲೆನಿಯಂ ಹೇರಳ ಎಂದು ನನಗೆ ಗೊತ್ತಿತ್ತು. ನಾಲ್ಕಾದರೆ ಮಿತಿ ದಾಟುವುದಿಲ್ಲ ಎಂದು ಲೆಕ್ಕವನ್ನೂ ಹಾಕಿದ್ದೆ, ಮಹಾ ಜಾಣೆ!

ಡಾಕ್ಟರಮ್ಮ ಸೆಲೆನಿಯಂ ಲೆಕ್ಕ ಕೂಡಿದರು. ಮಾತ್ರೆಯದು ಇನ್ನೂರು, ಬೀಜದ್ದು ಸುಮಾರು ಮುನ್ನೂರು, ನೀರಿನದು ಇಪ್ಪತ್ತೇಳು, ಊಟದ್ದು ಬೇರೆ. ದೊಡ್ಡವರಿಗೆ ದಿನಕ್ಕೆ ನಾನೂರು ಮೈಕ್ರೋಗ್ರಾಂ ದಾಟಬಾರದು. “ಒಂದೊಂದೂ ಮಿತಿಯೊಳಗೇ ಇದೆ. ಆದ್ರೆ ಹೊಟ್ಟೆ ಒಂದೇ ಅಲ್ವಾ? ಮಾತ್ರೆ, ಬೀಜ ನಿಲ್ಸಿ. ನೀರು ಬಾಯಾರಿದಷ್ಟು ಸಾಕು. ನಿಧಾನಕ್ಕೆ ಸರಿಹೋಗುತ್ತೆ,” ಎಂದರು. ಬಾಟಲಿ ಬಾಟಲಿಯಾಗಿ ಅಳೆಯುವ ನನಗೆ ಇದು ಹೊಳೆದಿರಲಿಲ್ಲ.

“ನೀನಾದ್ರೂ ಹೇಳ್ಬಾರ್ದಿತ್ತಾ ಅಪ್ಪ?” ಎಂದು ರೇಗಿದೆ.

“ಒಬ್ಬೊಬ್ರೂ ಪ್ರೀತಿಯಿಂದ ಕೊಟ್ರಿ. ಯಾರದ್ದು ಬೇಡ ಅನ್ಲಿ?”

ಅಮ್ಮ ಅಪ್ಪನ ಕೈಯನ್ನು ಮಡಿಲಿಗೆ ಎಳೆದುಕೊಂಡು ಸೀಳಿದ ಉಗುರುಗಳನ್ನು ಒಂದೊಂದಾಗಿ ಸವರಿದಳು. “ದಿನಾ ಬಾಯಿ ಮೂಸ್ದೆ. ಒಂದಿನ ಕೈ ನೋಡ್ಲಿಲ್ಲವಲ್ರೀ,” ಎಂದು ಗಳಗಳನೆ ಅತ್ತಳು.

“ಮತ್ತೆ... ನಾಳೆ ಹೊರಡೋದು?” ಎಂದ ಅಪ್ಪ, ಹೆದರುತ್ತಲೇ.

“ಬೇಕಾದ್ರೆ ಅಕ್ಕನೇ ಬರ್ಲಿ ಇಲ್ಲಿಗೆ,” ಎಂದಳು ಅಮ್ಮ, ಅವನ ಕೈ ಬಿಡದೆ.