ಇಳಿಯದ ಪ್ರಯಾಣಿಕರು

ನಾನು ಒಂದು ಸರ್ವರ್, ಕೇಳಿದವರಿಗೆಲ್ಲ ಫೈಲು ಬಡಿಸುವ ಕಂಪ್ಯೂಟರ್. ಕಾರ್ಖಾನೆಯಲ್ಲಿ ಹುಟ್ಟಿ, ಹೊಟ್ಟೆಗೆ ಲಿನಕ್ಸ್ ಎಂಬ ತಂತ್ರಾಂಶ ತುಂಬಿಸಿಕೊಂಡು, ಮೊದಲು ಕಾಲೇಜೊಂದರಲ್ಲಿ ದುಡಿದೆ. ನನ್ನ ಫ್ಯಾನಿನ ಗೊರಕೆ ಕೇಳಿ ಅಲ್ಲಿನ ಹುಡುಗರು ಕುಂಭಕರ್ಣ ಎಂದು ಹೆಸರಿಟ್ಟರು. ವಯಸ್ಸಾಯಿತೆಂದು ಕಾಲೇಜು ನನ್ನನ್ನು ಚಿತ್ರದುರ್ಗದ ಅಂಧರ ಶ್ರವಣ ಪುಸ್ತಕಾಲಯಕ್ಕೆ ದಾನ ಮಾಡಿತು.

ಅಲ್ಲಿ ನನಗೆ ಬಾಯಿ ಬಂತು! ಪಠ್ಯಪುಸ್ತಕಗಳನ್ನು ಊರಿನವರು ಓದಿ ಧ್ವನಿಮುದ್ರಿಸುತ್ತಿದ್ದರು, ಕೇಳುಗರು ಮನೆಯಿಂದಲೇ ಫೋನಿನಲ್ಲಿ ಕೇಳುತ್ತಿದ್ದರು. ಇತಿಹಾಸ ಓದಿದ್ದು ನಿವೃತ್ತ ಬಸ್ ಕಂಡಕ್ಟರ್ ತಿಪ್ಪೇಸ್ವಾಮಿ. "ಪಾಣಿಪತ್, ಪಾಣಿಪತ್! ಬಾಬರ್ ಕಡೆಯೋರು ಮುಂದೆ ಹೋಗ್ರಿ, ಲೋದಿ ಕಡೆಯೋರು ಹಿಂದೆ ಸರೀರಿ!"

ಒಬ್ಬರು ಪಾಠ ಕೇಳಲು ಕೂತರೆ ನಾನೊಂದು ಫೈಲು ತೆರೆಯಬೇಕು. ಒಮ್ಮೆಗೆ ಇಷ್ಟೇ ತೆರೆಯಬೇಕೆಂದು ನನಗೊಂದು ಮಿತಿ. ಅದು ತುಂಬಿದರೆ ನನ್ನ ಬಾಯಿ ಬಂದ್.

ಪರೀಕ್ಷೆಯ ಹಿಂದಿನ ದಿನ ಹಾಗೇ ಆಯಿತು. ಮೇಲ್ವಿಚಾರಕ ಮುರಿಗೇಂದ್ರ ಸರ್ ನನ್ನನ್ನು ಆರಿಸಿದರು, ಹೊತ್ತಿಸಿದರು, ಮತ್ತೆ ಆರಿಸಿ ಹೊತ್ತಿಸಿದರು; ಪ್ರತಿ ಸಲವೂ ಸ್ವಲ್ಪ ಹೊತ್ತು ಮಾತಾಡಿ ನಾನು ಬಂದ್. ಅಷ್ಟರಲ್ಲಿ ಬಿಳಿ ಕೋಲು ಕುಟ್ಟುತ್ತಾ ಜಬೀನಾ ಬಂದಳು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಿ.ಎ.ಗೆ ಕಟ್ಟಿದವಳು, ಕಳೆದ ಸಲ ಇತಿಹಾಸದಲ್ಲೇ ಫೇಲಾದವಳು.

"ಸರ್, ಬಸ್ಸು ಪಾಣಿಪತ್‌ನಲ್ಲೇ ಕೆಟ್ಟು ನಿಂತಿದೆ! ಇದು ಏನು ಹೇಳ್ತಿದೆ ಅಂತ ನೋಡಿದ್ರಾ?"

"ಪರದೆ ಮೇಲೆ ಏನೋ ಇಂಗ್ಲಿಷಲ್ಲಿ ಉದ್ದಕ್ಕೆ ಓಡುತ್ತೆ ಕಣಮ್ಮ."

ಅವಳು ತನ್ನ ಮಾತಾಡುವ ಲ್ಯಾಪ್‌ಟಾಪನ್ನು ನನಗೆ ಜೋಡಿಸಿದಳು. ನಾನು ದಿನವಿಡೀ ಬರೆದುಕೊಂಡಿದ್ದ ಗೋಳನ್ನೆಲ್ಲ ಅದು ಗಟ್ಟಿಯಾಗಿ ಓದಿತು: ತೆರೆದ ಫೈಲುಗಳು ಮಿತಿ ಮೀರಿವೆ, ತೆರೆದ ಫೈಲುಗಳು ಮಿತಿ ಮೀರಿವೆ! ಊರವರ ದನಿಯೆಲ್ಲ ಹೊತ್ತ ನನಗೆ ನನ್ನ ದನಿ ಕೇಳಿದ್ದು ಅದೇ ಮೊದಲು.

"ಅಷ್ಟೇನಾ? ಏರಿಸಿದ್ರಾಯ್ತು," ಎಂದು ಸರ್ ಫೋನು ನೋಡಿಕೊಂಡು ಏನೇನೋ ಕುಟ್ಟಿ, ನನ್ನನ್ನು ಇನ್ನೊಮ್ಮೆ ಆರಿಸಿ ಹೊತ್ತಿಸಿ ಎದೆಯುಬ್ಬಿಸಿದರು. ಟೀ ಬರುವಷ್ಟರಲ್ಲಿ ನಾನು ಮತ್ತೆ ಬಂದ್.

ಜಬೀನಾ ಕೆದಕಿ ನೋಡಿ ಬಿದ್ದು ಬಿದ್ದು ನಕ್ಕಳು. "ಸರ್, ನೀವು ಏರಿಸಿದ್ದು ನಿಮ್ಮ ಲಾಗಿನ್ನಿನ ಮಿತಿ! ಪಾಠ ಕೇಳಿಸೋ ಪ್ರೋಗ್ರಾಮಿಗೆ ಹಳೇದೇ ಇದೆ. ಹಸಿದವರು ಯಾರೋ, ಊಟ ಮಾಡಿ ಬಂದವರು ನೀವು!"

ಆಮೇಲೆ ತೆರೆದ ಫೈಲುಗಳನ್ನೆಲ್ಲ ಒಂದೊಂದಾಗಿ ಓದಿಸಿ ಕೇಳಿದಳು. "ಅಯ್ಯೋ, ಪಾಠ ಕೇಳಿ ಎದ್ದು ಹೋದವರ ಫೈಲೂ ಮುಚ್ಚಿಲ್ಲ! ಹತ್ತಿದವರು ಇಳಿದೇ ಇಲ್ಲ, ಸೀಟೆಲ್ಲಿ ಸಿಗುತ್ತೆ?"

ಪ್ರೋಗ್ರಾಮಿನ ಮಿತಿ ಏರಿಸಿದಳು. ಕೇಳುಗರು ಎದ್ದೊಡನೆ ಫೈಲು ಮುಚ್ಚಲು ಒಂದು ಸಾಲು ಸೇರಿಸಿದಳು. ನನ್ನ ಹೊಟ್ಟೆ ಹಗುರಾಗಿ, ತಿಪ್ಪೇಸ್ವಾಮಿಯ ಕೂಗು ಮೊಳಗಿತು: "ಪಾಣಿಪತ್, ಪಾಣಿಪತ್!" ಜಬೀನಾ ಅಲ್ಲೇ ನೆಲದ ಮೇಲೆ ಕೂತು ಪಾಠ ಮುಗಿಸಿದಳು. ಪಾಸೂ ಆದಳು.

ಈಗ ನನ್ನ ಕೆಲಸಕ್ಕೆ ಹೊಸಬ ಬಂದಿದ್ದಾನೆ. ನಾನು ಮೂಲೆಯಲ್ಲಿ, ತಲೆ ಮೇಲೆ ಸರ್ ಅವರ ಕಾಫಿ ಫ್ಲಾಸ್ಕು. ಇಂದು ಜಬೀನಾ ತಾನೇ ಇತಿಹಾಸ ಓದಿ ಧ್ವನಿಮುದ್ರಿಸಲು ಬಂದಿದ್ದಾಳೆ. ಒಳಗೆ ಹೋಗುವ ಮುಂಚೆ ನನ್ನ ತಗಡು ತಟ್ಟಿ ಕೇಳಿದಳು: "ಏನಪ್ಪಾ ಕುಂಭಕರ್ಣ, ಎಲ್ಲಾ ಇಳಿದ್ರಾ?"

ಎಲ್ಲಾ ಇಳಿದರು ತಾಯಿ. ನಾನೊಬ್ಬ ಮಾತ್ರ ಸೀಟು ಬಿಡದೆ ಕೂತಿದ್ದೇನೆ. ನಿನ್ನ ದನಿಯಲ್ಲಿ ಪಾಣಿಪತ್ ನೋಡಿಕೊಂಡೇ ಇಳಿಯುತ್ತೇನೆ.