ಮಂಪರಿನ ಕೈಮಾತು

ಕೈಭಾಷೆಯ ತರಗತಿಯಲ್ಲಿ ಅವನಿಗೆ ಆಮೆ ಎಂದು ಹೆಸರು ಬಿದ್ದಿತ್ತು. ಮೆಡಿಕಲ್ ಕಾಲೇಜಿನ ಉಳಿದ ವಿದ್ಯಾರ್ಥಿಗಳು 'ಎಲ್ಲಿ ನೋವು', 'ಉಸಿರು ಎಳೆದುಕೊಳ್ಳಿ' ಎಂದೆಲ್ಲ ಕೈಯಲ್ಲಿ ಪಟಪಟನೆ ಹೇಳಿ ಮುಗಿಸುವಾಗ ಅವನಿನ್ನೂ ಮೊದಲ ಸನ್ನೆಗೆ ಬೆರಳು ಹೊಂದಿಸುತ್ತಿದ್ದ. ಪಾಠ ಹೇಳುವ ಟೀಚರಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಪಕ್ಕದಲ್ಲಿ ಅವರ ಅಕ್ಕ ನಿಂತು ಆ ಸನ್ನೆಗಳಿಗೆ ದನಿ ಕೊಡುತ್ತಿದ್ದರು.

ಟೀಚರಿಗೆ ಪಿತ್ತಕೋಶದ ಆಪರೇಷನ್ ನಿಗದಿಯಾಯಿತು. ಅಂದು ತರಗತಿ ಮುಗಿದ ಮೇಲೆ ಅವರು ಆಮೆಯನ್ನು ನಿಲ್ಲಿಸಿಕೊಂಡರು.

"ಆಪರೇಷನ್‌ಗೆ ಇವಳು ಹೆದರ್ತಿಲ್ಲಪ್ಪ," ಎಂದರು ಅಕ್ಕ, ತಂಗಿಯ ಕೈ ನೋಡುತ್ತ. "ಎಚ್ಚರಾಗೋದೇ ಭಯ. ಹೋದ್ಸಲ ಮಂಪರಲ್ಲಿ ಕೈಯಾಡಿಸ್ತಾಳೆ ಅಂತ ಎರಡೂ ಕೈ ಮಂಚಕ್ಕೆ ಕಟ್ಟಿಬಿಟ್ಟಿದ್ರು. ನನ್ನನ್ನಂತೂ ಒಳಗೆ ಬಿಡಲ್ಲ. ಬಿಳಿ ಕೋಟು ಹಾಕ್ಕೊಂಡ್ರೆ ನಿನ್ನನ್ನ ಬಿಡ್ತಾರೆ."

"ನಾನಾ? ನನಗೆ ಅರ್ಧಕ್ಕರ್ಧ ತಿಳಿಯಲ್ಲ ಮೇಡಂ!"

ಟೀಚರ್ ನಕ್ಕು ಏನೋ ಹೇಳಿದರು. "ಉಳಿದವರು ತಮ್ಮ ಕೈನೇ ನೋಡ್ಕೋತಾರಂತೆ," ಎಂದರು ಅಕ್ಕ. "ನೀನು ಇವಳ ಕೈ ನೋಡ್ತೀಯಂತೆ. ಇನ್ನು ತಪ್ಪಿಸ್ಕೊಳ್ಳೋಕಾಗಲ್ಲ ಬಿಡು."

ಆಪರೇಷನ್ ಆದವರನ್ನು ಎಚ್ಚರವಾಗುವ ತನಕ ಮಲಗಿಸುವ ಕೋಣೆ. ಮಧ್ಯಾಹ್ನದ ಬೆಳಕು ಹಸಿರು ಪರದೆಯಲ್ಲಿ ಸೋಸಿ ಬಂದು, ಹಾಸಿಗೆಗಳೆಲ್ಲ ತಿಳಿನೀರಿನ ತಳದಲ್ಲಿರುವಂತೆ ಕಾಣುತ್ತಿದ್ದವು. ಟೀಚರ ಎಡಗೈಗೆ ಡ್ರಿಪ್ ಹಾಕಿ ಮೇಲೆ ಹೊದಿಕೆ ಎಳೆದಿದ್ದರು. ಬಲಗೈ ಹೊರಗಿತ್ತು. ಬಿಳಿ ಕೋಟು ಹಾಕಿಕೊಂಡ ಆಮೆ ಅದನ್ನೇ ನೋಡುತ್ತ ಪಕ್ಕದಲ್ಲಿ ಕೂತಿದ್ದ. ಬಹಳ ಹೊತ್ತಿನ ಮೇಲೆ ಅದರ ಬೆರಳುಗಳು ಕದಲಿದವು.

ದೋಣಿ. ನಿದ್ದೆಯಲ್ಲಿ ತೊದಲಿದಂತೆ ಸನ್ನೆಯ ಅಂಚು ಸವೆದಿತ್ತು. ಮತ್ತೆ ದೋಣಿ, ಆಮೇಲೆ ಅಮ್ಮ. ನಂತರ ಕೈ ಗಾಳಿಯಲ್ಲಿ ತೇಲಿ, ಕಿಟಕಿಯೊಂದನ್ನು ತೆರೆದು, ಮೀನುಗಳನ್ನು ಒಳಗೆ ಬಿಟ್ಟಿತು. ಇನ್ನೊಬ್ಬರ ಕನಸಿನೊಳಗೆ ಸದ್ದಾಗದಂತೆ ಕಾಲಿಟ್ಟ ಹಾಗಾಯಿತು ಆಮೆಗೆ.

ನರ್ಸ್ ಬಟ್ಟೆಯ ಪಟ್ಟಿ ಹಿಡಿದು ಬಂದರು. "ಅಯ್ಯೋ, ಶುರುವಾಯ್ತು. ಡ್ರಿಪ್ ಕಿತ್ಕೋತಾರೆ, ಕಟ್ಟೋಣ."

"ಬೇಡ ಸಿಸ್ಟರ್. ಅವರು ಮಾತಾಡ್ತಿದಾರೆ."

"ಏನಂತೆ?"

"ಕಿಟಕಿಯಿಂದ ಮೀನು ಬರ್ತಿದೆಯಂತೆ."

"ಬರಲಿ. ಹಿಡಿದು ಕೊಡಿ ಅಂತ ನನ್ನನ್ನ ಕೇಳ್ದಿದ್ರೆ ಸಾಕು." ಪಟ್ಟಿಯನ್ನು ಮಾತ್ರ ಅವರು ಕೆಳಗಿಡಲಿಲ್ಲ. "ಸೂಜಿ ಕಿತ್ತರೆ ನೀವೇ ಜವಾಬ್ದಾರಿ, ಮರಿ ಡಾಕ್ಟ್ರೇ."

ಕೈ ಮತ್ತೆ ಎದ್ದಿತು. ಬೆಂಕಿ. ದೋಣಿಗೆ ಬೆಂಕಿ ಬಿದ್ದಿತೇ? ಬೆರಳುಗಳು ಎಡಕ್ಕೆ ಹೊರಟು ಡ್ರಿಪ್ಪಿನ ನಳಿಕೆಯ ಮೇಲೆ ಬಂದವು.

"ನೋಡಿ, ನೋಡಿ!" ನರ್ಸ್ ಬಾಗಿ ಮಣಿಕಟ್ಟು ಹಿಡಿದರು. ಕೈ ಮೌನವಾಯಿತು. ಟೀಚರ ಹುಬ್ಬು ಬಿಗಿದು, ಮುಚ್ಚಿದ ಕಣ್ಣಿನಂಚಿನಿಂದ ನೀರು ಇಳಿಯಿತು.

ಆ ಬೆಂಕಿ ಕನಸಿನದೋ ಮೈಯದೋ ಆಮೆಗೆ ತಿಳಿಯಲಿಲ್ಲ. "ಬಿಡಿ ಸಿಸ್ಟರ್. ಅವರು ಕೀಳ್ತಿಲ್ಲ, ತೋರಿಸ್ತಿದಾರೆ ಅನ್ಸುತ್ತೆ."

"ಅನ್ಸುತ್ತೋ, ಗೊತ್ತೋ?"

"ಅನ್ಸುತ್ತೆ. ಎಡಗೈ ಒಂದ್ಸಲ ನೋಡೋಣ."

ನರ್ಸ್ ಹೊದಿಕೆ ಸರಿಸಿದರು. ಸೂಜಿಯ ಸುತ್ತ ಕೈ ಊದಿಕೊಂಡು ಬಿಗಿದಿತ್ತು. ಡ್ರಿಪ್ ರಕ್ತನಾಳದೊಳಗೆ ಹೋಗದೆ ಚರ್ಮದಡಿ ಸೇರುತ್ತಿತ್ತು. ಅವರು ತಕ್ಷಣ ಅದನ್ನು ನಿಲ್ಲಿಸಿ, ಸೂಜಿ ತೆಗೆದು ಹತ್ತಿ ಒತ್ತಿದರು. "ಪಾಪ, ಎಷ್ಟು ಉರೀತಿತ್ತೋ. ಬೇರೆ ಹಾಕ್ಬೇಕು. ಬಲಗೈ ಕೊಡಿ."

"ಅದು ಬೇಡ ಸಿಸ್ಟರ್. ಅದರಲ್ಲೇ ಅವರು ಮಾತಾಡೋದು."

ನರ್ಸ್ ಬಟ್ಟೆಯ ಪಟ್ಟಿಯನ್ನು ಜೇಬಿಗೆ ತುರುಕಿದರು. "ಸರಿ, ಎಡಗೈಯಲ್ಲೇ ಇನ್ನೂ ಮೇಲೆ ನರ ಹುಡುಕ್ತೀನಿ. ಮೊದಲು ಅವರಿಗೆ ಹೇಳಿ," ಎಂದು ಪರದೆ ಸರಿಸಿದರು. ಬೆಳಕು ಅವನ ಕೈಗಳ ಮೇಲೆ ಬಿತ್ತು.

ಟೀಚರ್ ಕಣ್ಣು ತೆರೆದಿದ್ದರು. ಇನ್ನೊಂದು ಚುಚ್ಚು, ಈ ಕೈಗಲ್ಲ, ಆ ಕೈಗೆ, ಕಟ್ಟುವುದಿಲ್ಲ ಎಂದು ಆಮೆ ಒಂದೊಂದೇ ಸನ್ನೆ ಹೊಂದಿಸಿ ಹೇಳಿದ. ರೆಪ್ಪೆ ಜಾರುತ್ತಿದ್ದರೂ ಅವರು ಕಾದರು. ಆಮೇಲೆ ಬಲಗೈ ಎತ್ತಿದರು.

"ಏನಂದ್ರು?" ನರ್ಸ್ ಕೇಳಿದರು.

ಆಮೆ ತಿರುಗಲಿಲ್ಲ. ಟೀಚರ ಮಾತು ಇನ್ನೂ ಮುಗಿದಿರಲಿಲ್ಲ.